ಮೇಷ್ಟ್ರಿಗೊಂದು ಶಾಲೆ: ಕೋಟೆ ಕಲಿಸಿದ ಪಾಠ

ಇಪ್ಪತ್ತೈದು ವರ್ಷ ಒಂದನೇ ತರಗತಿಗೆ ಅಕ್ಷರ ಕಲಿಸಿದ ಮೇಷ್ಟ್ರೊಬ್ಬರು ‘ನನಗೆ ತಿಳಿದ ರೀತಿಯಲ್ಲಿ ಒಂದು ಶಾಲೆ ನಡೆಸುತ್ತೇನೆ, ಸರ್ಕಾರ ಖರ್ಚು ಕೊಡಲಿ’ ಎಂದು ಹೆಗ್ಗಡದೇವನಕೋಟೆಯ (ಎಚ್.ಡಿ. ಕೋಟೆ) ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಹೋದರು ಎಂದಿಟ್ಟುಕೊಳ್ಳಿ. ಅಲ್ಲಿ ಮೊದಲು ಕೇಳುವುದು ಟ್ರಸ್ಟ್ ಅಥವಾ ಸೊಸೈಟಿಯ ನೋಂದಣಿ ಪತ್ರ. ಆಮೇಲೆ ಜಮೀನಿನ ದಾಖಲೆ, ಕಟ್ಟಡದ ನಕ್ಷೆ, ಕಟ್ಟಡ ಸುರಕ್ಷಿತವಾಗಿದೆ ಎಂಬ ಪ್ರಮಾಣಪತ್ರ, ಅಗ್ನಿಶಾಮಕ ಇಲಾಖೆಯ ಪತ್ರ. ಇವೆಲ್ಲ ಇದ್ದರೆ ಶಾಲೆ ತೆರೆಯಲು ಅನುಮತಿ ಸಿಕ್ಕೀತು, ಖರ್ಚು ಮಾತ್ರ ಸಿಗದು. ಅವರ ಇಪ್ಪತ್ತೈದು ವರ್ಷದ ಅನುಭವದ ಮಾತು ಇಷ್ಟರಲ್ಲಿ ಎಲ್ಲೂ ಬರುವುದಿಲ್ಲ.

ಇದೇ ಮೇಷ್ಟ್ರು ಅಮೆರಿಕದಲ್ಲಿದ್ದಿದ್ದರೆ ಕತೆ ಬೇರೆಯಾಗುತ್ತಿತ್ತು. ಅಲ್ಲಿ ಅನುಭವಿ ಶಿಕ್ಷಕರು ಸೇರಿಕೊಂಡು ಶಾಲೆ ಕಟ್ಟುವುದಾದರೆ, ಮಕ್ಕಳು ಬರುವ ಮೊದಲೇ, ಯೋಜನೆ ಹಾಕುವ ಹಂತದಲ್ಲೇ ಸರ್ಕಾರದ ಅನುದಾನ ಸಿಗುವ ದಾರಿಯಿದೆ. ಅಂಥ ಶಾಲೆಗಳಿಗೆ ಚಾರ್ಟರ್ ಶಾಲೆ ಎಂದು ಹೆಸರು. ನಮ್ಮಲ್ಲಿ ಆ ಹೆಸರಿನ ಶಾಲೆ ಇಲ್ಲ, ಅದಕ್ಕೆ ಕಾನೂನೂ ಇಲ್ಲ. ಆದರೆ ಶಿಕ್ಷಕರನ್ನು ನಂಬಿ ಸಾರ್ವಜನಿಕ ಹಣ ಕೊಟ್ಟರೆ ಏನಾಗುತ್ತದೆ ಎಂಬ ಪ್ರಯೋಗ ಮೈಸೂರು ಜಿಲ್ಲೆಯ ಈ ಕಾಡಂಚಿನ ತಾಲ್ಲೂಕಿನಲ್ಲಿ ಮೂವತ್ತು ವರ್ಷದ ಹಿಂದೆಯೇ ನಡೆದುಹೋಗಿದೆ. ಅದರ ಫಲವನ್ನು ಇಡೀ ಕರ್ನಾಟಕ ಉಂಡಿದೆ, ಪಾಠವನ್ನು ಮಾತ್ರ ಕಲಿತಂತಿಲ್ಲ.

ಚಾರ್ಟರ್ ಎಂಬ ಒಪ್ಪಂದ

1988ರಲ್ಲಿ ಅಮೆರಿಕದ ದೊಡ್ಡ ಶಿಕ್ಷಕ ಸಂಘಟನೆಯೊಂದರ ಅಧ್ಯಕ್ಷರಾಗಿದ್ದ ಆಲ್ಬರ್ಟ್ ಶಾಂಕರ್ ಒಂದು ಸಲಹೆ ಮುಂದಿಟ್ಟರು. ಸರ್ಕಾರಿ ಶಾಲೆಯಲ್ಲೇ ಪಳಗಿದ ಐದಾರು ಶಿಕ್ಷಕರು ಗುಂಪಾಗಿ ‘ಈಗಿನ ಪದ್ಧತಿಯಲ್ಲಿ ಕಲಿಯದ ಮಕ್ಕಳಿಗೆ ನಾವು ಹೀಗೆ ಕಲಿಸುತ್ತೇವೆ’ ಎಂದು ಬರೆದುಕೊಡಲಿ. ಅವರಿಗೆ ಕೆಲವು ವರ್ಷ ಸ್ವಾತಂತ್ರ್ಯ ಕೊಡಿ. ಫಲ ಬಂದರೆ ಮುಂದುವರಿಸಿ ಎಂಬುದು ಅದರ ಸಾರ. 1991ರಲ್ಲಿ ಮಿನ್ನೆಸೋಟ ರಾಜ್ಯ ಇದಕ್ಕೆ ಮೊದಲ ಕಾನೂನು ಮಾಡಿತು. ಮರುವರ್ಷ ಸೇಂಟ್ ಪಾಲ್ ನಗರದಲ್ಲಿ ಮೊದಲ ಚಾರ್ಟರ್ ಶಾಲೆ ಬಾಗಿಲು ತೆರೆಯಿತು. ಅದನ್ನು ಕಟ್ಟಿದವರು ಶಿಕ್ಷಕರು, ಅಲ್ಲಿಗೆ ಬಂದವರು ಓದು ಬಿಟ್ಟು ಕೂತಿದ್ದ ಹುಡುಗರು.

ವ್ಯವಸ್ಥೆ ಸರಳ. ಶಾಲೆ ನಡೆಸುವವರಿಗೂ ಸರ್ಕಾರ ನೇಮಿಸಿದ ಪ್ರಾಧಿಕಾರಕ್ಕೂ ಸಾಮಾನ್ಯವಾಗಿ ಮೂರರಿಂದ ಐದು ವರ್ಷದ ಒಪ್ಪಂದ ಆಗುತ್ತದೆ. ಶಾಲೆ ಶುಲ್ಕ ವಸೂಲಿ ಮಾಡುವಂತಿಲ್ಲ. ಮಕ್ಕಳನ್ನು ಪರೀಕ್ಷೆ ಇಟ್ಟು ಆರಿಸಿಕೊಳ್ಳುವಂತಿಲ್ಲ. ಸೀಟಿಗಿಂತ ಅರ್ಜಿ ಹೆಚ್ಚಾದರೆ ಲಾಟರಿ ಎತ್ತಬೇಕು. ಮಗುವಿನ ಲೆಕ್ಕದಲ್ಲಿ ಸರ್ಕಾರದ ಹಣ ಬರುತ್ತದೆ. ಏನು ಕಲಿಸಬೇಕು, ಯಾರನ್ನು ನೇಮಿಸಬೇಕು, ದಿನದ ವೇಳಾಪಟ್ಟಿ ಹೇಗಿರಬೇಕು ಎಂಬುದರಲ್ಲಿ ಸಾಕಷ್ಟು ಸ್ವಾತಂತ್ರ್ಯ ಇರುತ್ತದೆ. ಹೇಳಿದ ಫಲ ತೋರಿಸದಿದ್ದರೆ ಒಪ್ಪಂದ ರದ್ದಾಗುತ್ತದೆ.

ಮಗುವಿನ ಲೆಕ್ಕದ ಹಣ ಬರುವುದು ಮಗು ಬಂದ ಮೇಲೆ. ಅದಕ್ಕೆ ಮೊದಲು ಬಾಡಿಗೆ, ಬೆಂಚು, ಪುಸ್ತಕ, ಶಿಕ್ಷಕರ ತಯಾರಿಗೆ ಹಣ ಎಲ್ಲಿಂದ ತರುವುದು? ಬ್ಯಾಂಕಿನಲ್ಲಿ ಅಡವಿಡಲು ಮೇಷ್ಟ್ರ ಹತ್ತಿರ ಏನಿರುತ್ತದೆ? ಈ ತೊಡಕು ಬಿಡಿಸಲು 1994ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಪ್ರತ್ಯೇಕ ಅನುದಾನ ಯೋಜನೆ ತಂದಿತು. ಈಗಿನ ನಿಯಮದಂತೆ ಈ ಅನುದಾನ ಗರಿಷ್ಠ ಐದು ವರ್ಷ ಸಿಗಬಹುದು. ಅದರಲ್ಲಿ ಹದಿನೆಂಟು ತಿಂಗಳವರೆಗೆ ಬರೀ ಯೋಜನೆ ರೂಪಿಸುವುದಕ್ಕೇ ಬಳಸಿಕೊಳ್ಳಬಹುದು. ಎಂದರೆ ಒಂದೂವರೆ ವರ್ಷ ಶಿಕ್ಷಕರು ಕೂತು ಯೋಚಿಸುವುದಕ್ಕೂ ಸರ್ಕಾರ ಖರ್ಚು ಕೊಡುತ್ತದೆ. ಇಂದು ಆ ದೇಶದಲ್ಲಿ ಹತ್ತಿರಹತ್ತಿರ ಎಂಟು ಸಾವಿರ ಚಾರ್ಟರ್ ಶಾಲೆಗಳಿವೆ. ಸುಮಾರು 37 ಲಕ್ಷ ಮಕ್ಕಳು ಓದುತ್ತಿದ್ದಾರೆ.

ಎಲ್ಲವೂ ಸುಗಮವಾಗಿ ನಡೆದಿದೆ ಎಂದುಕೊಳ್ಳಬೇಕಾಗಿಲ್ಲ. ಅನುದಾನ ಪಡೆದ ಕೆಲವು ಶಾಲೆಗಳು ಕೆಲವೇ ವರ್ಷದಲ್ಲಿ ಮುಚ್ಚಿದವು, ಕೆಲವು ತೆರೆಯಲೇ ಇಲ್ಲ. ಶಿಕ್ಷಕರ ಗುಂಪುಗಳಿಗಿಂತ ಹೆಚ್ಚಾಗಿ ಹತ್ತಾರು ಶಾಲೆ ನಡೆಸುವ ದೊಡ್ಡ ನಿರ್ವಹಣಾ ಸಂಸ್ಥೆಗಳು ಈ ಕ್ಷೇತ್ರದಲ್ಲಿ ಬೆಳೆದವು. ತಾನು ಬೆಂಬಲಿಸಿದ ವಿಚಾರ ಸರ್ಕಾರಿ ಶಾಲೆಯನ್ನು ಬಲಪಡಿಸುವ ಬದಲು ಅದಕ್ಕೆ ಪೈಪೋಟಿಯಾಗಿ ನಿಂತಿತೆಂದು ಶಾಂಕರ್ ಅವರೇ ಕೆಲವು ವರ್ಷಗಳಲ್ಲಿ ಬೇಸತ್ತು ಅದರ ಟೀಕಾಕಾರರಾದರು. ಅವರು ಬಯಸಿದ್ದು ಸರ್ಕಾರಿ ಶಾಲೆಯೊಳಗಿನ ಶಿಕ್ಷಕರ ಪ್ರಯೋಗವನ್ನು. ಅದು ಅವರು ಅಂದುಕೊಂಡದ್ದಕ್ಕೆ ಹೆಚ್ಚು ಹತ್ತಿರವಾಗಿ ನಡೆದದ್ದು ಅವರಿಗೆ ಗೊತ್ತಿಲ್ಲದ ಎಚ್.ಡಿ. ಕೋಟೆಯಲ್ಲಿ.

ನಮ್ಮ ಅನುದಾನದ ದಾರಿ

ಖಾಸಗಿಯವರು ನಡೆಸುವ ಶಾಲೆಗೆ ಸರ್ಕಾರ ಹಣ ಕೊಡುವುದು ನಮಗೆ ಹೊಸದಲ್ಲ. 1854ರ ವುಡ್ ವರದಿಯ ಕಾಲದಿಂದ ಅನುದಾನ ಪದ್ಧತಿ ನಡೆದುಬಂದಿದೆ. ಮಠಗಳು, ಮಿಷನರಿಗಳು, ಜಾತಿ ಸಂಘಗಳು, ಊರಿನ ವಿದ್ಯಾಭಿಮಾನಿಗಳು ತೆರೆದ ಎಷ್ಟೋ ಪ್ರೌಢಶಾಲೆಗಳು ಇದರಿಂದಲೇ ಬದುಕಿದವು. ಹುಣಸೂರು, ಕೃಷ್ಣರಾಜನಗರ, ಪಿರಿಯಾಪಟ್ಟಣದ ಕಡೆ ಹಳೆಯ ತಲೆಮಾರಿನ ಅನೇಕರು ಎಸ್ಸೆಸ್ಸೆಲ್ಸಿ ಮುಗಿಸಿದ್ದು ಅನುದಾನಿತ ಶಾಲೆಯಲ್ಲೇ. ಕಟ್ಟಡ ಆಡಳಿತ ಮಂಡಳಿಯದು, ಮಂಜೂರಾದ ಹುದ್ದೆಗೆ ಸಂಬಳ ಸರ್ಕಾರದ್ದು ಎಂಬುದು ಇದರ ಸೂತ್ರ.

ಈ ಸೂತ್ರದಲ್ಲಿ ಹಣ ಯಾವಾಗಲೂ ಹಿಂದೆ ಬರುತ್ತದೆ. ಮೊದಲು ಆಡಳಿತ ಮಂಡಳಿ ಸ್ವಂತ ಖರ್ಚಿನಲ್ಲಿ ಶಾಲೆ ನಡೆಸಬೇಕು, ಮಾನ್ಯತೆ ಪಡೆಯಬೇಕು, ಮಕ್ಕಳ ಸಂಖ್ಯೆ ತೋರಿಸಬೇಕು. ಅನುದಾನದ ಮಾತು ಅದಾದ ಮೇಲೆ. ಬಿತ್ತನೆಗೆ ಬಿಡಿಗಾಸು ಕೊಡದೆ ಫಸಲು ಬಂದ ಮೇಲೆ ಬೆಂಬಲ ಬೆಲೆ ಘೋಷಿಸಿದ ಹಾಗೆ ಇದು. ಕೈಯಲ್ಲಿ ದುಡ್ಡಿದ್ದವರು ಆ ವರ್ಷಗಳನ್ನು ದಾಟುತ್ತಾರೆ, ಬರೀ ಅನುಭವ ಇದ್ದವರು ದಾಟಲಾರರು. ನಮ್ಮಲ್ಲಿ ಶಾಲೆ ತೆರೆಯುವವರ ಪಟ್ಟಿಯಲ್ಲಿ ಗುತ್ತಿಗೆದಾರರು, ರಾಜಕಾರಣಿಗಳು, ಉದ್ಯಮಿಗಳು ಸಿಗುವಷ್ಟು ಸುಲಭವಾಗಿ ಮೇಷ್ಟ್ರು ಸಿಗದಿರುವುದಕ್ಕೆ ಇದೊಂದು ಕಾರಣ.

ಈಗ ಆ ಬೆಂಬಲ ಬೆಲೆಯೂ ಹೆಚ್ಚುಕಡಿಮೆ ನಿಂತಿದೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆ ಜಾರಿಗೆ ಬಂದದ್ದು 1995ರಲ್ಲಿ. ಅದೇ 1995 ಖಾಸಗಿ ಕನ್ನಡ ಶಾಲೆಗಳ ಪಾಲಿಗೆ ಗೆರೆ ಎಳೆದ ವರ್ಷವೂ ಆಯಿತು. ಆ ನಂತರ ಆರಂಭವಾದ ಕನ್ನಡ ಮಾಧ್ಯಮ ಶಾಲೆಗಳನ್ನು ಅನುದಾನಕ್ಕೆ ಒಳಪಡಿಸಿ ಎಂದು ಆಡಳಿತ ಮಂಡಳಿಗಳು, ಶಿಕ್ಷಕರು ವರ್ಷ ವರ್ಷವೂ ಧರಣಿ ಕೂರುತ್ತಾರೆ, ವಿಧಾನ ಪರಿಷತ್ತಿನಲ್ಲಿ ಶಿಕ್ಷಕರ ಕ್ಷೇತ್ರದ ಸದಸ್ಯರು ದನಿ ಎತ್ತುತ್ತಾರೆ, ಸಚಿವರು ‘ಪರಿಶೀಲಿಸುತ್ತೇವೆ’ ಎನ್ನುತ್ತಾರೆ. ಹಳೆಯ ಅನುದಾನಿತ ಶಾಲೆಗಳಲ್ಲೂ ನಿವೃತ್ತರಾದವರ ಜಾಗ ತುಂಬಲು ಆರ್ಥಿಕ ಇಲಾಖೆಯ ಅನುಮತಿಗೆ ಕಾದು ಕೂರಬೇಕು.

ಗಿರಿಜನ ಮಕ್ಕಳ ಶಾಲೆಗೆ ಇನ್ನೊಂದು ದಾರಿಯಿದೆ. ಪರಿಶಿಷ್ಟ ಪಂಗಡಗಳ ನಡುವೆ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಗಳಿಗೆ ಕೇಂದ್ರದ ಬುಡಕಟ್ಟು ವ್ಯವಹಾರಗಳ ಸಚಿವಾಲಯ ವಸತಿ ಶಾಲೆ, ಹಾಸ್ಟೆಲ್ ನಡೆಸಲು ಅನುದಾನ ಕೊಡುತ್ತದೆ. ಸಾಮಾನ್ಯವಾಗಿ ಖರ್ಚಿನ ಶೇ 90ರಷ್ಟು ಸರ್ಕಾರದ್ದು, ಉಳಿದ ಶೇ 10 ಸಂಸ್ಥೆಯದು. ಆದರೆ ಸಂಸ್ಥೆ ನೋಂದಣಿಯಾಗಿ ಕನಿಷ್ಠ ಮೂರು ವರ್ಷ ಆಗಿರಬೇಕು, ರಾಜ್ಯದ ಸಮಿತಿ ಶಿಫಾರಸು ಮಾಡಬೇಕು. ಇಲ್ಲೂ ಹಣ ಹೋಗುವುದು ಸಂಸ್ಥೆಯ ಹೆಸರಿಗೆ, ಅದೂ ಸಂಸ್ಥೆ ತನ್ನ ಕಾಲ ಮೇಲೆ ನಿಂತ ನಂತರ.

ಕೊಟ್ಟಿಗೆಯಿಂದ ಹೊಸಹಳ್ಳಿಗೆ

ಕಾಯುವ ಆ ವರ್ಷಗಳು ಹೇಗಿರುತ್ತವೆ ಎಂಬುದಕ್ಕೆ ಕೋಟೆಯಲ್ಲೇ ಉದಾಹರಣೆ ಇದೆ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ ಗೆಳೆಯರೊಡನೆ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಓದು ಮುಗಿಸಿ ಕಾಡಂಚಿನ ಬ್ರಹ್ಮಗಿರಿ ಎಂಬ ಗಿರಿಜನ ಹಾಡಿಯಲ್ಲಿ ಚಿಕಿತ್ಸಾಲಯ ತೆರೆದರು. ಮದ್ದು ಕೊಡಲು ಬಂದವರಿಗೆ ಮಕ್ಕಳಿಗೆ ಶಾಲೆ ಇಲ್ಲದೆ ಯಾವ ಮದ್ದೂ ನಾಟದು ಎಂದು ಮನವರಿಕೆಯಾಯಿತು. 1988ರಲ್ಲಿ ದನದ ಕೊಟ್ಟಿಗೆಯೊಂದರಲ್ಲಿ ಮೂವತ್ತಕ್ಕಿಂತ ಕಡಿಮೆ ಮಕ್ಕಳೊಂದಿಗೆ ಶಾಲೆ ಶುರುವಾಯಿತು. ಅದೇ ಮುಂದೆ ಹೊಸಹಳ್ಳಿಯ ಗಿರಿಜನ ವಸತಿ ಶಾಲೆಯಾಗಿ ಬೆಳೆದು ನೂರಾರು ಜೇನುಕುರುಬ, ಕಾಡುಕುರುಬ, ಯರವ, ಸೋಲಿಗ ಮಕ್ಕಳಿಗೆ ಊಟ, ವಸತಿ, ಓದು ಕೊಟ್ಟಿತು.

ಈ ತಾಲ್ಲೂಕಿನಲ್ಲಿ ಶಾಲೆ ನಡೆಸುವುದು ಬೇರೆಡೆಯಂತಲ್ಲ. ಬೀಚನಹಳ್ಳಿಯ ಕಬಿನಿ ಅಣೆಕಟ್ಟೆ 1974ರಲ್ಲಿ ಮುಗಿದಾಗ ಹಿನ್ನೀರು ಊರುಗಳನ್ನು ನುಂಗಿತು. ಬಂಡೀಪುರ ಹುಲಿ ಯೋಜನೆ, ನಾಗರಹೊಳೆ ರಾಷ್ಟ್ರೀಯ ಉದ್ಯಾನ ಕಾಡಿನೊಳಗಿದ್ದ ಹಾಡಿಗಳನ್ನು ಅಂಚಿಗೆ ತಂದು ಬಿಟ್ಟವು. ಕಾಡು ಕಳೆದುಕೊಂಡವರು ಕೂಲಿಗೆ ಇಳಿದರು. ಕಾಫಿ ಕೊಯ್ಲಿನ ಕಾಲಕ್ಕೆ ಕುಟುಂಬಕ್ಕೆ ಕುಟುಂಬವೇ ಕೊಡಗಿನ ಲೈನ್‌ಮನೆ ಸೇರುತ್ತದೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬ್ಯಾರನ್‌ಗೆ ಏರುವ ತಿಂಗಳುಗಳಲ್ಲಿ ಮನೆಯ ದೊಡ್ಡವರಿಗೆ ಹಗಲು ರಾತ್ರಿ ಎಂಬುದಿಲ್ಲ, ತಮ್ಮತಂಗಿಯರನ್ನು ನೋಡಿಕೊಳ್ಳುವ ಹೊಣೆ ಶಾಲೆಗೆ ಹೋಗಬೇಕಾದ ಅಕ್ಕನ ಮೇಲೆ. ಮನೆಯಲ್ಲಿ ಆಡುವ ಮಾತು ಒಂದು, ಪುಸ್ತಕದ ಕನ್ನಡ ಇನ್ನೊಂದು. ಜೂನ್‌ನಲ್ಲಿ ಸೇರಿ ಏಪ್ರಿಲ್‌ವರೆಗೆ ತಪ್ಪದೆ ಬರುವ ಮಗುವಿಗಾಗಿ ರೂಪಿಸಿದ ಶಾಲೆ ಇಲ್ಲಿ ಅರ್ಧ ವರ್ಷಕ್ಕೇ ಸೋಲುತ್ತದೆ.

ಹೊಸಹಳ್ಳಿಯ ಶಾಲೆ ಈ ಮಕ್ಕಳ ಬದುಕನ್ನು ನೋಡಿ ತನ್ನ ದಿನಚರಿ ಹಾಕಿಕೊಂಡಿತು. ಆದರೆ ಒಂದು ಮಾತು ಗಮನಿಸಬೇಕು. ಆ ತರುಣ ವೈದ್ಯರ ಹಿಂದೆ ಒಂದು ಸಂಘಟನೆ ಇತ್ತು, ನಗರದ ದಾನಿಗಳ ಸಂಪರ್ಕ ಇತ್ತು, ಅರ್ಜಿ ಬರೆಯಬಲ್ಲ ಇಂಗ್ಲಿಷ್ ಇತ್ತು. ಹಾಡಿಯ ಶಾಲೆಯಲ್ಲಿ ಹತ್ತಾರು ವರ್ಷ ದುಡಿದ ಏಕೋಪಾಧ್ಯಾಯರಿಗೆ ಅವರಷ್ಟೇ ತಿಳಿವಳಿಕೆ ಇದ್ದರೂ ಈ ಮೂರರಲ್ಲಿ ಒಂದೂ ಇರಲಿಲ್ಲ.

ಸರ್ಕಾರಿ ಮೇಷ್ಟ್ರು ಮಾಡಿದ ಶಾಲೆ

ಅಂಥ ಸರ್ಕಾರಿ ಮೇಷ್ಟ್ರಿಗೂ ಒಮ್ಮೆ ಅವಕಾಶ ಸಿಕ್ಕಿತು. 1995ರಲ್ಲಿ ಯುನಿಸೆಫ್ ನೆರವಿನಿಂದ ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರ ಒಂದು ಗುಂಪು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿ ಶಾಲೆಗೆ ಹೋಗಿಬಂತು. ಅಲ್ಲಿ ವೈ.ಎ. ಪದ್ಮನಾಭ ರಾವ್ ಮತ್ತು ರಮಾ ದಂಪತಿ ಸುತ್ತಲಿನ ಹಳ್ಳಿಗಳಲ್ಲಿ ಒಬ್ಬರೇ ಶಿಕ್ಷಕರಿರುವ ಚಿಕ್ಕ ಶಾಲೆಗಳನ್ನು ನಡೆಸುತ್ತಿದ್ದರು. ಪಠ್ಯಪುಸ್ತಕದ ಬದಲು ಕಾರ್ಡು, ತರಗತಿಯ ಬದಲು ಕಲಿಕೆಯ ಮೆಟ್ಟಿಲು ಅವರ ಪದ್ಧತಿ.

ರಾವ್ ದಂಪತಿಯ ಗುರು ಡೇವಿಡ್ ಹಾರ್ಸ್‌ಬರೋ. ರಿಷಿ ವ್ಯಾಲಿಯಲ್ಲಿ ಪಾಠ ಹೇಳಿ, ಬ್ರಿಟಿಷ್ ಕೌನ್ಸಿಲ್‌ನಲ್ಲಿ ದುಡಿದು, 1972ರಲ್ಲಿ ನಮ್ಮದೇ ಕೋಲಾರ ಜಿಲ್ಲೆಯ ರಾಯಲ್ಪಾಡಿನ ಬಳಿ ನೀಲ್‌ಬಾಗ್ ಎಂಬ ಶಾಲೆ ಕಟ್ಟಿದವರು. ಅಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕೂತು ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಿದ್ದರು, ಪರೀಕ್ಷೆಯೂ ಇಲ್ಲ, ಶಿಕ್ಷೆಯೂ ಇಲ್ಲ. ಅನುಭವಿ ಶಿಕ್ಷಕನೊಬ್ಬ ತನ್ನ ಶಾಲೆ ತೆರೆದರೆ ಅದರ ಗುಣ ಎಲ್ಲಿಯವರೆಗೆ ಹರಿಯಬಹುದು ಎಂಬುದಕ್ಕೆ ಈ ವಂಶಾವಳಿಯೇ ಸಾಕ್ಷಿ: ಕೋಲಾರದಲ್ಲಿ ಹುಟ್ಟಿದ ವಿಚಾರ ಆಂಧ್ರಕ್ಕೆ ಹೋಗಿ, ಇಪ್ಪತ್ತಮೂರು ವರ್ಷದ ನಂತರ ಕೋಟೆಯ ಮೇಷ್ಟ್ರ ಕೈಗೆ ಬಂತು.

ಕೋಟೆಯವರು ನೋಡಿದ್ದನ್ನು ಹಾಗೆಯೇ ಇಳಿಸಿಕೊಳ್ಳಲಿಲ್ಲ. ವಾಪಸು ಬಂದು ಕೂತು ತಮ್ಮ ಮಕ್ಕಳಿಗೆ ತಕ್ಕ ಕಾರ್ಡುಗಳನ್ನು ತಾವೇ ಬರೆದರು. ಸುತ್ತಲಿನ ಹಾಡು, ಕತೆ, ಆಟಗಳನ್ನು ಸೇರಿಸಿದರು, ಶಾಲೆಯಲ್ಲಿ ಬಳಸಿ ನೋಡಿದರು, ಸರಿಬಾರದ್ದನ್ನು ತಿದ್ದಿದರು. ಅದಕ್ಕೆ ನಲಿ–ಕಲಿ ಎಂದು ಹೆಸರಾಯಿತು.

ನಲಿ–ಕಲಿ ಕೊಠಡಿಯೊಳಗೆ ಒಮ್ಮೆ ಕಣ್ಣಾಡಿಸಿದರೆ ಅದು ಯಾರ ಕೈಯಿಂದ ಬಂದದ್ದು ಎಂದು ತಿಳಿಯುತ್ತದೆ. ಗೋಡೆಯ ಮೇಲೆ ಕಲಿಕಾ ಏಣಿ. ಕಲಿಯಬೇಕಾದ ಒಂದೊಂದು ಚಟುವಟಿಕೆಯೂ ಅದರಲ್ಲೊಂದು ಮೆಟ್ಟಿಲು, ಕೆಲವು ಮೆಟ್ಟಿಲು ಸೇರಿದರೆ ಒಂದು ಮೈಲಿಗಲ್ಲು. ಪ್ರತಿ ಮೆಟ್ಟಿಲಿಗೂ ಒಂದು ಚಿತ್ರ, ಒಂದು ಸಂಖ್ಯೆ. ಅದೇ ಚಿತ್ರ, ಅದೇ ಸಂಖ್ಯೆಯ ಕಾರ್ಡು ಟ್ರೇಯಲ್ಲಿ. ಅಕ್ಷರ ಬಾರದ ಮಗುವೂ ಚಿತ್ರ ನೋಡಿ ತನ್ನ ಕಾರ್ಡನ್ನು ತಾನೇ ತೆಗೆದುಕೊಳ್ಳುತ್ತದೆ. ಕೂರುವುದಕ್ಕೆ ಐದು ‘ತಟ್ಟೆ’ಗಳು: ಶಿಕ್ಷಕರ ಪೂರ್ತಿ ನೆರವು ಬೇಕಾದವರಿಗೆ ಒಂದು, ಸ್ವಲ್ಪ ನೆರವು ಸಾಕೆನ್ನುವವರಿಗೆ ಒಂದು, ಜೊತೆಯ ಮಕ್ಕಳಿಂದ ಕಲಿಯುವವರಿಗೆ ಎರಡು, ತಾವೇ ಕಲಿಯುವವರಿಗೆ ಒಂದು. ಗೋಡೆಯ ಕೆಳಭಾಗದಲ್ಲಿ, ಮಗುವಿನ ಕೈಗೆಟಕುವ ಎತ್ತರದಲ್ಲಿ, ಒಬ್ಬೊಬ್ಬರಿಗೂ ಕಪ್ಪುಹಲಗೆಯ ಒಂದೊಂದು ಚೌಕ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರ ತುಂಬ ಮಕ್ಕಳು ಬರೆದ, ಕತ್ತರಿಸಿದ, ಅಂಟಿಸಿದ ಹಾಳೆಗಳು.

ಅಕ್ಷರದ ಕ್ರಮವನ್ನೂ ಬದಲಿಸಿದರು. ಅ, ಆ, ಇ, ಈ ಎಂದು ಮಾಲೆ ಒಪ್ಪಿಸುವ ಬದಲು ಬರೆಯಲು ಸುಲಭವಾದ, ಆಕಾರದಲ್ಲಿ ಹತ್ತಿರವಿರುವ ರ, ಗ, ಸ, ದ, ಅ ಮೊದಲು. ಈ ಐದೇ ಅಕ್ಷರ ಬಂದರೆ ಮಗು ಸರ, ರಸ, ಅರಸ, ಅಗಸ, ಗರಗಸ ಓದಿಬಿಡುತ್ತದೆ. ಶಾಲೆಗೆ ಬಂದ ಕೆಲವೇ ವಾರಗಳಲ್ಲಿ ‘ನನಗೆ ಓದಕ್ಕೆ ಬತ್ತದೆ’ ಎಂದು ಮನೆಯಲ್ಲಿ ಹೇಳಿಕೊಳ್ಳಬಹುದು. ಅಕ್ಷರಮಾಲೆ ಮುಗಿಯುವವರೆಗೆ ಒಂದು ಪದವೂ ಓದಲಾರದೆ ಬೇಸತ್ತು ಶಾಲೆ ಬಿಟ್ಟ ಮಕ್ಕಳನ್ನು ಕಣ್ಣಾರೆ ಕಂಡವರಿಗಷ್ಟೇ ಹೊಳೆಯುವ ಉಪಾಯ ಇದು.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಕೊಡಗಿನ ಕಾಫಿ ಕೊಯ್ಲಿಗೆ ಅಪ್ಪ ಅವ್ವನ ಜೊತೆ ಹೋದ ಮಗು ಒಂದೂವರೆ ತಿಂಗಳ ಮೇಲೆ ಶಾಲೆಗೆ ಮರಳಿದರೆ ಮಾಮೂಲಿ ತರಗತಿಯಲ್ಲಿ ಪಾಠ ಎಲ್ಲೋ ಹೋಗಿರುತ್ತದೆ. ನಾಲ್ಕು ದಿನ ಪಿಳಿಪಿಳಿ ನೋಡಿ ಐದನೇ ದಿನ ಮಗು ನಿಂತುಬಿಡುತ್ತದೆ. ನಲಿ–ಕಲಿಯಲ್ಲಿ ಅದು ಬಿಟ್ಟ ಮೆಟ್ಟಿಲು ಅಲ್ಲಿಯೇ ಕಾದಿರುತ್ತದೆ, ಅಲ್ಲಿಂದಲೇ ಮುಂದಕ್ಕೆ. ಬೆಂಗಳೂರಿನ ಕಚೇರಿಯಲ್ಲಿ ಕೂತವರಿಗೆ ಹಾಜರಾತಿ ಕಡಿಮೆ ಎಂಬ ಅಂಕಿ ಕಾಣುತ್ತದೆ. ಆ ಹಾಜರಾತಿಯ ಜೊತೆಯಲ್ಲೇ ಕಲಿಸುವುದು ಹೇಗೆ ಎಂಬುದು ಕೋಟೆಯ ಮೇಷ್ಟ್ರಿಗೆ ಕಂಡಿತು.

ಸುತ್ತೋಲೆಯಾದ ಪ್ರಯೋಗ

ನಲಿ–ಕಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ ಮೂಲಕ ಬೇರೆ ಜಿಲ್ಲೆಗಳಿಗೆ ಹರಡಿತು. 2009–10ರಲ್ಲಿ ರಾಜ್ಯ ಸರ್ಕಾರ ಇದನ್ನು ಎಲ್ಲ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಗಳ ಒಂದು, ಎರಡನೇ ತರಗತಿಗೆ ತಂದಿತು, ಮರುವರ್ಷ ಮೂರಕ್ಕೂ. ರಿಷಿ ವ್ಯಾಲಿಯ ಇದೇ ಮೂಲದಿಂದ ಚೆನ್ನೈನ ಪಾಲಿಕೆ ಶಾಲೆಗಳಲ್ಲಿ ಶುರುವಾದ ಚಟುವಟಿಕೆ ಆಧಾರಿತ ಕಲಿಕೆ ತಮಿಳುನಾಡಿನಾದ್ಯಂತ ಹಬ್ಬಿತು. ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ನಂಜುಂಡಪ್ಪ ಸಮಿತಿ ಸೇರಿಸಿದ ಕೋಟೆಯಿಂದ ಇಡೀ ರಾಜ್ಯದ ಶಾಲೆಗೆ ಒಂದು ಪದ್ಧತಿ ಹೋಯಿತು ಎಂಬುದು ಸಣ್ಣ ಮಾತಲ್ಲ.

ಹರಡುವಾಗಲೇ ಅದರ ಜೀವ ಕುಂದಿತು. ಕೋಟೆಯಲ್ಲಿ ಶಿಕ್ಷಕರು ತಾವೇ ಬರೆದು ತಿದ್ದಿದ ಕಾರ್ಡು ಉಳಿದೆಡೆ ಮುದ್ರಣವಾಗಿ ಬಂದ ಸಾಮಗ್ರಿಯಾಯಿತು. ಕಳೆದುಹೋದ ಕಾರ್ಡಿಗೆ ಬದಲಿ ಬರಲಿಲ್ಲ ಎಂಬ ದೂರು, ಕೆಲವೇ ದಿನದ ತರಬೇತಿ, ತುಂಬಬೇಕಾದ ದಾಖಲೆಗಳ ಹೊರೆ, ‘ಪುಸ್ತಕವೇ ಇಲ್ಲ, ಬರೀ ಆಟ ಆಡಿಸ್ತಾರೆ’ ಎಂದು ಪಕ್ಕದ ಕಾನ್ವೆಂಟ್ ನೋಡುವ ತಂದೆತಾಯಿ. ಮೂಲದ ಶಿಕ್ಷಕರಿಗೆ ಇದ್ದದ್ದು ಬದಲಿಸುವ ಹಕ್ಕು. ಉಳಿದವರಿಗೆ ಸಿಕ್ಕಿದ್ದು ಪಾಲಿಸುವ ಆದೇಶ. ಕಾರ್ಡು ಎಲ್ಲರಿಗೂ ತಲುಪಿತು, ಕಾರ್ಡು ಬರೆಯುವ ಅಧಿಕಾರ ತಲುಪಲಿಲ್ಲ.

ಅಮೆರಿಕದ ಮೂವತ್ತು ವರ್ಷದ ಅನುಭವವನ್ನೂ ಕೋಟೆಯ ಮೂವತ್ತು ವರ್ಷವನ್ನೂ ಅಕ್ಕಪಕ್ಕ ಇಟ್ಟರೆ ಒಂದು ಸತ್ಯ ಕಾಣುತ್ತದೆ. ಅಲ್ಲಿ ಸ್ವಾತಂತ್ರ್ಯ ಶಿಕ್ಷಕರ ಕೈತಪ್ಪಿ ದೊಡ್ಡ ನಿರ್ವಹಣಾ ಸಂಸ್ಥೆಗಳ ಕೈಗೆ ಜಾರಿತು, ಇಲ್ಲಿ ಇಲಾಖೆಯ ಕೈಗೆ. ಎರಡೂ ಕಡೆ ಒಳ್ಳೆಯ ಫಲ ಬಂದದ್ದು, ಹಣ ಮತ್ತು ತೀರ್ಮಾನ ಎರಡೂ ಕಲಿಸುವವರ ಹತ್ತಿರ ಇದ್ದಷ್ಟು ಕಾಲ.

ಕಾನೂನು ಅಡ್ಡ ಬರುತ್ತದೆಯೇ?

ಬರುವುದಿಲ್ಲ ಎನ್ನಲಾಗದು. 2009ರ ಶಿಕ್ಷಣ ಹಕ್ಕು ಕಾಯ್ದೆ ಗುರುತಿಸುವುದು ಸರ್ಕಾರಿ, ಅನುದಾನಿತ, ಅನುದಾನರಹಿತ ಮತ್ತು ಕೇಂದ್ರೀಯ ವಿದ್ಯಾಲಯದಂಥ ವಿಶೇಷ ವರ್ಗದ ಶಾಲೆಗಳನ್ನು. ಶಿಕ್ಷಕರ ತಂಡ ನಡೆಸುವ ಸರ್ಕಾರಿ ಶಾಲೆ ಎಂಬ ವರ್ಗ ಅದರಲ್ಲಿಲ್ಲ. ಮಾನ್ಯತೆ ಇಲ್ಲದೆ ಶಾಲೆ ನಡೆಸಿದರೆ ದಂಡ. ಕಟ್ಟಡ, ಶೌಚಾಲಯ, ಕುಡಿಯುವ ನೀರು, ಆಟದ ಮೈದಾನದ ನಿಯಮಗಳನ್ನು ಬಿಗಿಗೊಳಿಸಿದ್ದಕ್ಕೆ ಕಾರಣವೂ ಇದೆ. 2004ರಲ್ಲಿ ಕುಂಭಕೋಣಂನ ಶಾಲೆಗೆ ಬೆಂಕಿ ಬಿದ್ದು 94 ಮಕ್ಕಳು ಸತ್ತ ಮೇಲೆ ಸುರಕ್ಷತೆಯಲ್ಲಿ ಸಡಿಲಿಕೆ ಕೇಳಲು ಯಾರಿಗೂ ಬಾಯಿಲ್ಲ, ಕೇಳಲೂಬಾರದು.

ಆದರೆ ಇದೇ ಕಾಯ್ದೆ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರನ್ನು ನಿಗದಿಪಡಿಸುತ್ತದೆ. ಐದು ತರಗತಿ, ಇಬ್ಬರು ಮೇಷ್ಟ್ರು. ಒಬ್ಬರು ಸಭೆಗೆ ಹೋದ ದಿನ ಉಳಿಯುವುದು ಒಬ್ಬರೇ. ಕಾಡಂಚಿನ ಬಹುಪಾಲು ಶಾಲೆಗಳ ಸ್ಥಿತಿ ಇದು. ಅಲ್ಲಿ ಕಟ್ಟಡ ಇದೆ, ಬಿಸಿಯೂಟ ಇದೆ, ಸಂಬಳ ಇದೆ, 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಇದೆ. ಇಲ್ಲದಿರುವುದು ಆ ಇಬ್ಬರು ತಮ್ಮ ಶಾಲೆಯನ್ನು ತಮ್ಮ ಮಕ್ಕಳಿಗೆ ತಕ್ಕಂತೆ ಹೊಂದಿಸಿಕೊಳ್ಳುವ ಅಧಿಕಾರ, ಅದಕ್ಕೆ ಬೇಕಾದ ಸ್ವಲ್ಪ ಹಣ, ಅಲ್ಲೇ ನೆಲೆನಿಲ್ಲುವ ಭರವಸೆ. ವರ್ಗಾವಣೆಯ ನಿಯಮದಲ್ಲಿ ಹಳ್ಳಿಯ ಶಾಲೆ ‘ಸಿ’ ವಲಯ, ದಾಟಿ ಹೋಗಬೇಕಾದ ಜಾಗ. ಮಕ್ಕಳ ಮಾತು ಮೇಷ್ಟ್ರಿಗೆ ಅರ್ಥವಾಗುವ ಹೊತ್ತಿಗೆ ಕೌನ್ಸೆಲಿಂಗ್ ಬಂದಿರುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಪರ್ಯಾಯ ಮಾದರಿಯ ಶಾಲೆಗಳಿಗೆ ಅವಕಾಶ ಕೊಡುವ, ಶಾಲೆ ತೆರೆಯುವ ನಿಯಮಗಳನ್ನು ಸಡಿಲಿಸುವ, ದಾನಿಗಳು ಮತ್ತು ಸರ್ಕಾರ ಕೈಜೋಡಿಸುವ ಮಾತಿದೆ. ದಾನಿಗಳ ಹೆಸರು ಅಲ್ಲಿ ಬರುತ್ತದೆ, ಅನುಭವಿ ಶಿಕ್ಷಕರ ತಂಡಕ್ಕೆ ಶಾಲೆ ಒಪ್ಪಿಸುವ ದಾರಿ ಮಾತ್ರ ಅದರಲ್ಲಿಲ್ಲ. ಇದನ್ನು ಇಲ್ಲಿಗೇ ಬಿಟ್ಟರೆ ಹಾಡಿಯ ಶಾಲೆ ನಾಳೆ ಯಾವುದೋ ಕಂಪನಿಯ ಸಾಮಾಜಿಕ ಹೊಣೆಗಾರಿಕೆ ನಿಧಿಯ ಫಲಕ ಹೊತ್ತು ನಿಲ್ಲಬಹುದು. ಕಲಿಸುವವರ ಕೈಗೆ ಅದು ಬಂದಂತಾಗುವುದಿಲ್ಲ.

ಕೋಟೆಯಿಂದಲೇ ಶುರುವಾಗಲಿ

ಅಮೆರಿಕದ ಚಾರ್ಟರ್ ಕಾನೂನನ್ನು ಇಲ್ಲಿಗೆ ಹೊತ್ತು ತರುವುದು ಬೇಡ. ಅಲ್ಲಿ ನಗರದ ಒಂದು ಶಾಲೆ ಮುಚ್ಚಿದರೆ ಮಗು ಪಕ್ಕದ ಬೀದಿಯ ಶಾಲೆಗೆ ಹೋಗುತ್ತದೆ. ಕೋಟೆ ತಾಲ್ಲೂಕಿನ ಡಿ.ಬಿ. ಕುಪ್ಪೆಯ ಕಡೆ ಹಾಡಿಯ ಶಾಲೆ ಮುಚ್ಚಿದರೆ ಮುಂದಿನ ಶಾಲೆಗೆ ಆನೆ ಓಡಾಡುವ ದಾರಿಯಲ್ಲಿ ನಡೆಯಬೇಕು, ಮಗುವಿನ ಓದು ಅಲ್ಲಿಗೆ ಮುಗಿಯಿತು. ಸ್ಪರ್ಧೆಯ ಹೆಸರಿನಲ್ಲಿ ಶಾಲೆ ಮುಚ್ಚುವ ಯಾವ ಪದ್ಧತಿಯೂ ಇಲ್ಲಿಗೆ ಹೊಂದದು. ಸರ್ಕಾರಿ ಶಾಲೆಯನ್ನು ಟ್ರಸ್ಟುಗಳಿಗೆ ವಹಿಸುವುದೂ ಪರಿಹಾರವಲ್ಲ.

ತರಬೇಕಾದದ್ದು ಆ ವ್ಯವಸ್ಥೆಯ ಎರಡು ಅಂಶ: ಮೊದಲೇ ಬರುವ ಅನುದಾನ ಮತ್ತು ಬರೆದುಕೊಂಡ ಒಪ್ಪಂದ. ಈಗಿರುವ ಸರ್ಕಾರಿ ಶಾಲೆಯನ್ನೇ, ಹತ್ತು ವರ್ಷಕ್ಕೂ ಹೆಚ್ಚು ಅನುಭವವಿರುವ ಇಬ್ಬರು ಮೂವರು ಶಿಕ್ಷಕರ ತಂಡ ಕೇಳಿ ಪಡೆಯಲಿ. ಏನು ಮಾಡುತ್ತೇವೆ, ಐದು ವರ್ಷದಲ್ಲಿ ಮಕ್ಕಳು ಏನು ಓದುತ್ತಾರೆ, ಯಾವ ಲೆಕ್ಕ ಮಾಡುತ್ತಾರೆ ಎಂದು ಬರೆದುಕೊಡಲಿ. ಇಲಾಖೆ, ಎಸ್‌ಡಿಎಂಸಿ, ತಂಡ ಮೂವರೂ ಸಹಿ ಹಾಕಲಿ. ಮೊದಲ ವರ್ಷದ ತಯಾರಿಗೆ, ಸಾಮಗ್ರಿಗೆ, ಬೇರೆ ಶಾಲೆ ನೋಡಿ ಬರುವುದಕ್ಕೆ ಯಾವ ಲೆಕ್ಕಶೀರ್ಷಿಕೆಗೂ ಕಟ್ಟಿಹಾಕದ ಒಂದು ಮೊತ್ತ ಮುಂಗಡವಾಗಿ ಕೊಡಲಿ. ಐದು ವರ್ಷ ಅವರನ್ನು ವರ್ಗಾಯಿಸದಿರಲಿ. ನಿವೃತ್ತ ಶಿಕ್ಷಕರಿಗೂ, ಹಾಡಿಯಲ್ಲೇ ಹುಟ್ಟಿ ಓದಿದ ತರುಣ ತರುಣಿಯರಿಗೂ ತಂಡದಲ್ಲಿ ಜಾಗವಿರಲಿ.

ಪ್ರತಿಯಾಗಿ ತಂಡ ಶುಲ್ಕ ಪಡೆಯುವಂತಿಲ್ಲ, ಯಾವ ಮಗುವನ್ನೂ ವಾಪಸು ಕಳಿಸುವಂತಿಲ್ಲ. ಖರ್ಚಿನ ಲೆಕ್ಕ ಗ್ರಾಮಸಭೆಯಲ್ಲಿ ಓದಬೇಕು. ಮಕ್ಕಳ ಕಲಿಕೆಯನ್ನು ಹೊರಗಿನವರು ವರ್ಷಕ್ಕೊಮ್ಮೆ ನೋಡಬೇಕು. ಹೇಳಿದ ಫಲ ಬಾರದಿದ್ದರೆ ತಂಡ ಬದಲಾಗಬೇಕು, ಶಾಲೆ ಉಳಿಯಬೇಕು.

ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ. ಕೋಟೆ, ಈಗ ಪ್ರತ್ಯೇಕ ತಾಲ್ಲೂಕಾಗಿರುವ ಸರಗೂರು, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರಗಳಲ್ಲಿ ತಾಲ್ಲೂಕಿಗೆ ನಾಲ್ಕೈದು ಶಾಲೆ ಆರಿಸಿದರೆ ಸಾಕು. ಸ್ಮಾರ್ಟ್ ಕ್ಲಾಸಿನ ಪರದೆಗೂ ಗೋಡೆಯ ಬಣ್ಣಕ್ಕೂ ಹಣ ಹೊಂದಿಸುವ ಇಲಾಖೆಗೆ ಇದು ಭಾರವಾಗದು. ಕೋಟೆಯ ಮೇಷ್ಟ್ರು 1995ರಲ್ಲಿ ಒಮ್ಮೆ ಸಿಕ್ಕ ಅವಕಾಶವನ್ನು ಹಾಳು ಮಾಡಲಿಲ್ಲ, ಇಡೀ ರಾಜ್ಯದ ಮಕ್ಕಳಿಗೆ ಓದುವ ದಾರಿ ಮಾಡಿಕೊಟ್ಟರು. ಅವರಿಗೆ ಇನ್ನೊಂದು ಅವಕಾಶ ಕೊಡಲು ಸರ್ಕಾರ ಯಾವ ಸಮಿತಿಯ ವರದಿಗೂ ಕಾಯಬೇಕಾಗಿಲ್ಲ.